ಪೊಟ್ಟಣದೊಳಗಿನ ರಸಾಯನವೂ ಶ್ರಾವಕನ ವ್ರತವೂ

ವ್ರತವನ್ನು ಬಸದಿಯಲ್ಲಿ ಸ್ವೀಕರಿಸುತ್ತೇವೆ. ಆದರೆ ಅದರ ಪರೀಕ್ಷೆ ನಡೆಯುವುದು ಅಡುಗೆಮನೆಯಲ್ಲಿ. ಮುನಿಮಹಾರಾಜರ ಸನ್ನಿಧಿಯಲ್ಲಿ ಕೈಮುಗಿದು ಕೈಕೊಂಡ ನಿಯಮವು ಮರುದಿನ ಬೆಳಗಿನಲ್ಲಿ ಒಲೆ, ಒರಳು, ಡಬ್ಬಿ, ಕೊಡಗಳ ನಡುವೆ ನಿಂತು ತನ್ನ ಬಲವನ್ನು ತೋರಿಸಬೇಕಾಗುತ್ತದೆ. ನಮ್ಮ ಹಿರಿಯರ ಕಾಲದಲ್ಲಿ ಅಡುಗೆಮನೆಯ ಪ್ರತಿಯೊಂದು ಪದಾರ್ಥವೂ ತನ್ನ ಹುಟ್ಟನ್ನು ತಾನೇ ಹೇಳುತ್ತಿತ್ತು. ಬೆಲ್ಲವು ಆಲೆಮನೆಯಿಂದ, ಎಣ್ಣೆಯು ಗಾಣದಿಂದ, ಹಿಟ್ಟು ಮನೆಯ ಬೀಸುಕಲ್ಲಿನಿಂದ, ತುಪ್ಪವು ಕೊಟ್ಟಿಗೆಯಿಂದ ಬಂದದ್ದೆಂದು ಮನೆಯ ಮಕ್ಕಳಿಗೂ ತಿಳಿದಿತ್ತು. ಭಕ್ಷ್ಯಾಭಕ್ಷ್ಯ ವಿವೇಕಕ್ಕೆ ಆಗ ಕಣ್ಣೇ ಸಾಕಾಗಿತ್ತು. ಇಂದು ದಿನಸಿ ಅಂಗಡಿಯಿಂದ ಬರುವ ಪೊಟ್ಟಣದ ಬೆನ್ನಿನ ಮೇಲೆ ಸಣ್ಣ ಅಕ್ಷರಗಳಲ್ಲಿ ಸಿಟ್ರಿಕ್ ಆಮ್ಲ, ಗ್ಲಿಸರಿನ್, ಸ್ಟಿಯರಿಕ್ ಆಮ್ಲ, ಎಮಲ್ಸಿಫೈಯರ್ 471, ರುಚಿವರ್ಧಕ 631 ಎಂಬ ಹೆಸರುಗಳೂ ಅಂಕಿಗಳೂ ಇರುತ್ತವೆ. ಇವುಗಳ ಹುಟ್ಟು ಯಾವುದು? ಕಣ್ಣು ಹೇಳಲಾರದು, ನಾಲಗೆಯೂ ಹೇಳಲಾರದು.

ಹೀಗಿರಲು ವ್ರತಸ್ಥನಾದ ಗೃಹಸ್ಥನ ಮುಂದೆ ಒಂದು ಪ್ರಶ್ನೆ ಏಳುತ್ತದೆ. ತಿಳಿಯದೆ ಸೇವಿಸಿದ ಪದಾರ್ಥದಿಂದ ವ್ರತಕ್ಕೆ ದೋಷ ಬರುವುದೇ? ತಿಳಿಯಲು ಸಾಧ್ಯವಿದ್ದೂ ತಿಳಿಯದೆ ಉಳಿದವನ ಅಜ್ಞಾನವು ನಿರ್ದೋಷವಾದ ಅಜ್ಞಾನವೇ? ಈ ಲೇಖನದಲ್ಲಿ ವಿಚಾರಿಸಬೇಕಾದುದು ಇದನ್ನೇ.

ಮೊದಲು ಒಂದು ಭ್ರಮೆಯನ್ನು ದೂರಮಾಡಿಕೊಳ್ಳಬೇಕು. ರಸಾಯನವೆಂಬ ಹೆಸರು ಕೇಳಿದ ಮಾತ್ರಕ್ಕೆ ಬೆಚ್ಚುವವರು ನಮ್ಮಲ್ಲಿ ಅನೇಕರಿದ್ದಾರೆ. ಆದರೆ ಶ್ರಾವಕರ ಮನೆಯು ಎಂದೂ ರಸಾಯನಗಳಿಲ್ಲದ ಮನೆಯಾಗಿರಲಿಲ್ಲ. ಎಲೆಅಡಿಕೆಗೆ ಹಚ್ಚುವ ಸುಣ್ಣವು ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಅಡುಗೆ ಸೋಡವು ಸೋಡಿಯಂ ಬೈಕಾರ್ಬೊನೇಟ್. ಬಟ್ಟೆ ಒಗೆಯುವ ಸೋಡವು ಸೋಡಿಯಂ ಕಾರ್ಬೊನೇಟ್. ಕದಡಿದ ನೀರನ್ನು ತಿಳಿಗೊಳಿಸುವ ಪಟಿಕವು ಅಲ್ಯೂಮಿನಿಯಂ ಮತ್ತು ಪೊಟ್ಯಾಸಿಯಂಗಳ ಲವಣ. ಅರಿಸಿನದ ಕಲೆಯಾದ ಸೀರೆಗೆ ಸಾಬೂನು ತಾಗಿದೊಡನೆ ಆ ಕಲೆಯು ಕೆಂಪಾಗುವುದನ್ನು ನಮ್ಮ ಶ್ರಾವಿಕೆಯರು ದಿನವೂ ಕಾಣುತ್ತಾರೆ. ಅರಿಸಿನ ಮತ್ತು ಸುಣ್ಣಗಳು ಸೇರಿ ಕೆಂಪಾಗುವುದೂ ಇದೇ ಕಾರಣದಿಂದ. ಕ್ಷಾರ ಪದಾರ್ಥದ ಸಂಪರ್ಕದಲ್ಲಿ ಅರಿಸಿನದ ಬಣ್ಣವು ತನ್ನ ಪರ್ಯಾಯವನ್ನು ಬದಲಿಸುತ್ತದೆ. ಸೋಸಿದ ನೀರಿನ ಮರ್ಯಾದೆಯು ಒಂದು ಮುಹೂರ್ತವೆಂದೂ, ಲವಂಗಾದಿಗಳಿಂದ ಪ್ರಾಸುಕಗೊಳಿಸಿದ ನೀರಿನದು 2 ಪ್ರಹರವೆಂದೂ, ಕುದಿಸಿದ ನೀರಿನದು 24 ತಾಸು ಎಂದೂ ಎಣಿಸುವ ಸಮಾಜಕ್ಕೆ ದ್ರವ್ಯಗಳ ಪರಿಣಮನವು ಹೊಸ ವಿಷಯವಲ್ಲ.

ಹೆಸರಿನ ಭಯವು ಎರಡು ರೀತಿಯಲ್ಲಿ ದಾರಿತಪ್ಪಿಸುತ್ತದೆ. ನಮ್ಮ ದೇಶದ ಹೆಚ್ಚಿನ ಸಕ್ಕರೆ ಕಾರ್ಖಾನೆಗಳು ಕಬ್ಬಿನ ರಸವನ್ನು ಸುಣ್ಣದಿಂದಲೂ ಗಂಧಕದ ಹೊಗೆಯಿಂದಲೂ ತಿಳಿಗೊಳಿಸುತ್ತವೆ. ಗಂಧಕವೆಂಬ ಮಾತು ಕಿವಿಗೆ ಕಠೋರವಾದರೂ ಆ ಕ್ರಿಯೆಯಲ್ಲಿ ಯಾವ ಪ್ರಾಣಿಯ ಅಂಗವೂ ಸೇರುವುದಿಲ್ಲ. ಆದರೆ 'ಸಹಜ ಬಣ್ಣ' ಎಂಬ ಸೌಮ್ಯವಾದ ಹೆಸರಿನ ಹಿಂದೆ ಕಾರ್ಮೈನ್ ಇರಬಹುದು. ಅಂತಾರಾಷ್ಟ್ರೀಯ ಪಟ್ಟಿಯಲ್ಲಿ 120 ಎಂಬ ಸಂಖ್ಯೆ ಹೊತ್ತ ಈ ಕೆಂಪು ಬಣ್ಣವನ್ನು ಪಾಪಸುಕಳ್ಳಿಯ ಮೇಲೆ ಬದುಕುವ ಕೊಚಿನೀಲ್ ಎಂಬ ಕೀಟಗಳನ್ನು ಕೊಂದು ಒಣಗಿಸಿ ತೆಗೆಯುತ್ತಾರೆ. ಒಂದು ಪೌಂಡು ಬಣ್ಣಕ್ಕೆ ಸುಮಾರು 70,000 ಕೀಟಗಳು ಬೇಕೆಂದು ಲೆಕ್ಕ ಹೇಳುವುದುಂಟು. ಆದುದರಿಂದ ರಸಾಯನವೆಂದು ಹೆದರುವುದೂ ಸಹಜವೆಂದು ನಂಬುವುದೂ ವಿವೇಕವಲ್ಲ. ಕೇಳಬೇಕಾದುದು, ಈ ಪದಾರ್ಥವು ಯಾವ ಜೀವದ ಬೆಲೆಯಿಂದ ನಮ್ಮ ಮನೆಗೆ ಬಂದಿತು ಎಂಬುದನ್ನು.

ಇನ್ನು ಈ ಪದಾರ್ಥಗಳು ಎಷ್ಟು ವಿಸ್ತಾರವಾಗಿ ಹರಡಿವೆಯೆಂಬುದನ್ನು ನೋಡೋಣ. ಗ್ಲಿಸರಿನ್ ಎಂಬುದು ಸಿಹಿಯಾದ ಮಂದದ್ರವ. ಎಣ್ಣೆ ಅಥವಾ ಕೊಬ್ಬನ್ನು ಕ್ಷಾರದೊಡನೆ ಕುದಿಸಿ ಸಾಬೂನು ಮಾಡುವಾಗ ಇದು ಬೇರ್ಪಡುತ್ತದೆ. ಹಲ್ಲುಜ್ಜುವ ಪೇಸ್ಟಿನಲ್ಲಿ, ಕೆಮ್ಮಿನ ಔಷಧಿಯಲ್ಲಿ, ಮುಖಕ್ಕೆ ಹಚ್ಚುವ ಕ್ರೀಮಿನಲ್ಲಿ, ಕೇಕಿನ ಮೇಲಿನ ಸಕ್ಕರೆಯ ಲೇಪದಲ್ಲಿ ಇದೇ ಪದಾರ್ಥವಿರುತ್ತದೆ. ತೆಂಗಿನೆಣ್ಣೆ ಅಥವಾ ತಾಳೆಯೆಣ್ಣೆಯಿಂದ ಬಂದರೆ ಒಂದು ಕಥೆ, ದನದ ಕೊಬ್ಬಿನಿಂದ ಬಂದರೆ ಬೇರೊಂದು ಕಥೆ. ಸ್ಟಿಯರಿಕ್ ಆಮ್ಲದ ಸ್ಥಿತಿಯೂ ಇದೇ. ಸಾಬೂನು, ಮೇಣದ ಬತ್ತಿ, ಮುಖದ ಕ್ರೀಮುಗಳಲ್ಲಿ ಅದು ಕಾಣಿಸುತ್ತದೆ, ಅದರ ಮೆಗ್ನೀಸಿಯಂ ಲವಣವು ಔಷಧಿಯ ಮಾತ್ರೆಗಳಲ್ಲಿ ಸೇರಿರುತ್ತದೆ. ಬಿಸ್ಕತ್ತು ಮತ್ತು ಬ್ರೆಡ್ಡುಗಳಲ್ಲಿ ನೀರು ಎಣ್ಣೆಗಳನ್ನು ಹೊಂದಿಸುವ 471 ಕೂಡ ಈ ಎರಡು ಮೂಲಗಳಿಂದಲೂ ಬರಬಲ್ಲದು. ಖಾರದ ಪೊಟ್ಟಣಗಳ 631 ಅಂದರೆ ಡೈಸೋಡಿಯಂ ಇನೋಸಿನೇಟ್. ಅದನ್ನು ಮೀನು ಮಾಂಸಗಳಿಂದಲೂ ತೆಗೆಯಬಹುದು, ಸಸ್ಯಜನ್ಯ ಸಕ್ಕರೆಯನ್ನು ಹುದುಗೆಬ್ಬಿಸಿಯೂ ಮಾಡಬಹುದು. ಬ್ರೆಡ್ಡಿನ ಹಿಟ್ಟನ್ನು ಮೆದುಗೊಳಿಸುವ ಸಿಸ್ಟೀನ್ ಎಂಬ 920ನ್ನು ಹಕ್ಕಿಯ ಗರಿಗಳಿಂದಲೂ ತೆಗೆಯುತ್ತಾರೆ. ಮಿಠಾಯಿ ಮತ್ತು ಮಾತ್ರೆಗಳಿಗೆ ಹೊಳಪು ಕೊಡುವ 904 ಎಂಬುದು ಅರಗು; ಅರಗಿನ ಕೀಟಗಳಿಂದ ಬಂದದ್ದು. ಖರಕರ್ಮಗಳಲ್ಲಿ ಲಾಕ್ಷಾವಾಣಿಜ್ಯವನ್ನೂ ಎಣಿಸಿ ಅರಗಿನ ವ್ಯಾಪಾರವು ಶ್ರಾವಕನಿಗೆ ಉಚಿತವಲ್ಲವೆಂದು ಹೇಳಿದ ಪರಂಪರೆ ನಮ್ಮದು. ಆ ಅರಗೇ ಈಗ ಅಂಕಿಯ ವೇಷದಲ್ಲಿ ಮಕ್ಕಳ ಕೈಯೊಳಗಿನ ಮಿಠಾಯಿಯ ಮೇಲೆ ಕುಳಿತಿರಬಹುದು.

ಇಲ್ಲಿ ಒಂದು ಗಂಭೀರವಾದ ಶಂಕೆ ಬರುತ್ತದೆ. ವಿದ್ಯಾವಂತ ತರುಣರು ಹೀಗೆ ಕೇಳುತ್ತಾರೆ: ತೆಂಗಿನ ಗ್ಲಿಸರಿನ್ನಿಗೂ ಕೊಬ್ಬಿನ ಗ್ಲಿಸರಿನ್ನಿಗೂ ಅಣುರಚನೆಯಲ್ಲಿ ಯಾವ ಭೇದವೂ ಇಲ್ಲ. ಶುದ್ಧಗೊಳಿಸಿದ ಮೇಲೆ ಎರಡೂ ಒಂದೇ. 1828ರಲ್ಲಿ ಜರ್ಮನಿಯ ವಿಜ್ಞಾನಿ ವೋಲರ್ ಎಂಬವರು ಪ್ರಾಣಿಗಳ ಮೂತ್ರದಲ್ಲಿ ದೊರೆಯುವ ಯೂರಿಯವನ್ನು ಪ್ರಯೋಗಶಾಲೆಯಲ್ಲಿ ನಿರ್ಜೀವ ಲವಣದಿಂದಲೇ ಉತ್ಪಾದಿಸಿ ತೋರಿಸಿದರು. ದೇಹದಲ್ಲಿ ಹುಟ್ಟಿದ ಯೂರಿಯ ಮತ್ತು ಗಾಜಿನ ಪಾತ್ರೆಯಲ್ಲಿ ಹುಟ್ಟಿದ ಯೂರಿಯ ಬೇರೆಯಲ್ಲ. ನಮ್ಮ ಸಿದ್ಧಾಂತವೂ ಪುದ್ಗಲ ಪರಮಾಣುಗಳು ನಾನಾ ಸ್ಕಂಧಗಳಾಗಿ ಪರಿಣಮಿಸುತ್ತವೆ, ಮತ್ತೆ ಬಿಡಿಯಾಗುತ್ತವೆ ಎಂದೇ ಹೇಳುತ್ತದೆ. ಇಂದಿನ ಅಕ್ಕಿಯ ಪರಮಾಣುಗಳು ಹಿಂದೆ ಎಷ್ಟು ದೇಹಗಳಲ್ಲಿ ಇದ್ದುವೋ ಬಲ್ಲವರಾರು? ಹೀಗಿರುವಾಗ ಮೂಲವನ್ನು ವಿಚಾರಿಸುವುದು ಅರ್ಥವಿಲ್ಲದ ಮಡಿಯಲ್ಲವೇ?

ಈ ಶಂಕೆಯನ್ನು ತಿರಸ್ಕಾರದಿಂದ ಕಾಣಲಾಗದು; ಇದರಲ್ಲಿ ಅರ್ಧ ಸತ್ಯವಿದೆ. ಪುದ್ಗಲದಲ್ಲಿ ಪಾಪ ಅಂಟಿಕೊಂಡಿಲ್ಲವೆಂಬುದು ನಿಜ. ಜಡವಾದ ಅಣುವು ತನ್ನ ಹುಟ್ಟನ್ನು ನೆನಪಿಟ್ಟುಕೊಳ್ಳುವುದಿಲ್ಲ. ಆದರೆ ಹಿಂಸೆಯು ಜಡದ ಗುಣವೆಂದು ಜೈನಧರ್ಮವು ಎಂದೂ ಹೇಳಲಿಲ್ಲ. ಹಿಂಸೆ ಇರುವುದು ಜೀವದ ಭಾವದಲ್ಲಿ, ಅದರ ಯೋಗದಲ್ಲಿ, ಕೃತ ಕಾರಿತ ಅನುಮೋದನೆಗಳಲ್ಲಿ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಜೀವಾಧಿಕರಣದ ಭೇದಗಳನ್ನು ಎಣಿಸುವಾಗ ಸಂರಂಭ, ಸಮಾರಂಭ, ಆರಂಭಗಳೆಂಬ ಮೂರನ್ನು ಮನೋವಾಕ್ಕಾಯಗಳೆಂಬ ಮೂರರಿಂದ, ಕೃತ ಕಾರಿತ ಅನುಮತಗಳೆಂಬ ಮೂರರಿಂದ, ನಾಲ್ಕು ಕಷಾಯಗಳಿಂದ ಗುಣಿಸಿ 108 ಭೇದಗಳನ್ನು ತೋರಿಸುತ್ತದೆ. ಆ 108ರಲ್ಲಿ ಮೂರನೆಯ ಒಂದು ಪಾಲು, ಅಂದರೆ 36, ಅನುಮತಕ್ಕೆ ಸೇರಿದುವು. ಕೊಲ್ಲದವನೂ ಕೊಲ್ಲಿಸದವನೂ ಒಪ್ಪಿಗೆಯಿಂದ ಪಾಲುಗಾರನಾಗಬಲ್ಲನು. ಅಂಗಡಿಯ ಕಟ್ಟೆಯ ಮೇಲೆ ಹಣವನ್ನಿಡುವ ಕೈಯು ಒಪ್ಪಿಗೆಯ ಕೈಯಲ್ಲವೇ? ಒಂದು ಪೊಟ್ಟಣ ಖರ್ಚಾದರೆ ಅದರ ಜಾಗಕ್ಕೆ ಇನ್ನೊಂದು ಬರುವುದು ಆ ಒಪ್ಪಿಗೆಯ ಬಲದಿಂದಲೇ.

ಬೆಳ್ಳಿಯ ರೇಕಿನ ಉದಾಹರಣೆಯಿಂದ ಇದು ಇನ್ನೂ ಸ್ಪಷ್ಟವಾಗುತ್ತದೆ. ಮಿಠಾಯಿಯ ಮೇಲಿನ ರೇಕು ಬರಿಯ ಬೆಳ್ಳಿ, ಅದು ಖನಿಜ. ಆದರೆ ಹಳೆಯ ಪದ್ಧತಿಯಲ್ಲಿ ಬೆಳ್ಳಿಯ ತುಣುಕುಗಳನ್ನು ಪ್ರಾಣಿಯ ಕರುಳು ಅಥವಾ ಚರ್ಮದ ಪದರುಗಳ ನಡುವೆ ಇಟ್ಟು ಸುತ್ತಿಗೆಯಿಂದ ಬಡಿದು ರೇಕು ಮಾಡುತ್ತಿದ್ದರು. ಹಾಗೆ ಮಾಡಿದ ರೇಕನ್ನು ತಜ್ಞನು ಪರೀಕ್ಷಿಸಿದರೆ ಅವನಿಗೆ ಬೆಳ್ಳಿಯೇ ದೊರೆಯುವುದು. ಆದರೂ ಈ ವಿಷಯ ತಿಳಿದ ಶ್ರಾವಕನು ಅದನ್ನು ಬಿಡುವುದು ಸರಿ. ಅವನು ಬಿಡುವುದು ಬೆಳ್ಳಿಯನ್ನಲ್ಲ, ಆ ಕ್ರಿಯೆಯ ಅನುಮೋದನೆಯನ್ನು. ವಿಜ್ಞಾನವು 'ಇದು ಏನು' ಎಂದು ಹೇಳುತ್ತದೆ. ವ್ರತವು 'ಇದಕ್ಕಾಗಿ ಏನಾಯಿತು' ಎಂದು ಕೇಳುತ್ತದೆ. ಎರಡು ಪ್ರಶ್ನೆಗಳೂ ಸತ್ಯವಾದವು. ಒಂದರ ಉತ್ತರವು ಇನ್ನೊಂದರ ಉತ್ತರವಾಗಲಾರದು.

ಎರಡನೆಯ ಶಂಕೆ ಇದಕ್ಕಿಂತ ಸಾಮಾನ್ಯವಾದುದು: 'ನಮಗೆ ಇದೆಲ್ಲ ತಿಳಿಯದು. ಹಸಿರು ಚುಕ್ಕೆ ಇದ್ದರೆ ಕೊಳ್ಳುತ್ತೇವೆ. ತಿಳಿಯದೆ ತಿಂದದ್ದಕ್ಕೆ ದೋಷವೇನು?'

ಹಸಿರು ಚುಕ್ಕೆಯು ಉಪಕಾರಿ ಎಂಬುದರಲ್ಲಿ ಸಂದೇಹವಿಲ್ಲ. 2000–2001ರ ಅವಧಿಯಲ್ಲಿ ಭಾರತ ಸರಕಾರವು ಪೊಟ್ಟಣದ ಆಹಾರಗಳ ಮೇಲೆ ಸಸ್ಯಾಹಾರಕ್ಕೆ ಹಸಿರು, ಮಾಂಸಾಹಾರಕ್ಕೆ ಕಂದು ಗುರುತನ್ನು ಕಡ್ಡಾಯಗೊಳಿಸಿತು. 2020ರ ನಿಯಮಾವಳಿಯು ಕಂದು ಗುರುತನ್ನು ತ್ರಿಕೋನವಾಗಿ ಬದಲಿಸಿತು. ಆದರೆ ಅದೇ ನಿಯಮಾವಳಿಯು ಮಾಂಸಾಹಾರದ ವ್ಯಾಖ್ಯೆಯಿಂದ ಹಾಲು ಮತ್ತು ಹಾಲಿನ ಪದಾರ್ಥಗಳನ್ನು ಮಾತ್ರವಲ್ಲದೆ ಜೇನು, ಜೇನುಮೇಣ, ಅರಗುಗಳನ್ನೂ ಹೊರಗಿಟ್ಟಿದೆ. ಎಂದರೆ ಜೇನುತುಪ್ಪ ಬೆರೆತ ತಿಂಡಿಯೂ ಅರಗಿನ ಹೊಳಪಿನ ಮಿಠಾಯಿಯೂ ಹಸಿರು ಚುಕ್ಕೆಯನ್ನು ಧರಿಸಬಹುದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಮದ್ಯ, ಮಾಂಸ, ಮಧು ತ್ಯಾಗವನ್ನು ಪಂಚಾಣುವ್ರತಗಳೊಡನೆ ಸೇರಿಸಿ ಅಷ್ಟಮೂಲಗುಣಗಳೆಂದರು. ನಮ್ಮ ಮೂಲಗುಣದ ಗಡಿಯೂ ಸರಕಾರದ ಗುರುತಿನ ಗಡಿಯೂ ಬೇರೆಬೇರೆ. ಸರಕಾರವನ್ನು ದೂಷಿಸಬೇಕಾಗಿಲ್ಲ, ಅದು ಎಲ್ಲ ಪ್ರಜೆಗಳಿಗಾಗಿ ಗೆರೆ ಎಳೆದಿದೆ. ಆದರೆ ತಾನು ಸ್ವೀಕರಿಸಿದ ವ್ರತದ ಕಾವಲನ್ನು ಶ್ರಾವಕನು ಪೂರ್ತಿಯಾಗಿ ಚುಕ್ಕೆಗೆ ಒಪ್ಪಿಸಿ ಮಲಗಲಾರನು. ಮೇಲಾಗಿ ಈ ನಿಯಮವು ಆಹಾರಕ್ಕೆ ಸಂಬಂಧಪಟ್ಟದ್ದು. ಸಾಬೂನಿಗೂ ಕ್ರೀಮಿಗೂ ಅನ್ವಯಿಸುವಂಥದಲ್ಲ. ಸಾಬೂನಿನ ಹೊದಿಕೆಯ ಮೇಲೆ ಸೋಡಿಯಂ ಟ್ಯಾಲೋಯೇಟ್ ಎಂದಿದ್ದರೆ ಅದು ಪ್ರಾಣಿಯ ಕೊಬ್ಬಿನದು. ಸೋಡಿಯಂ ಪಾಮೇಟ್ ಎಂದಿದ್ದರೆ ತಾಳೆಯೆಣ್ಣೆಯದು. ಇಷ್ಟು ಗುರುತಿಸಲು ದೊಡ್ಡ ವಿದ್ಯೆ ಬೇಡ.

ಸಂಖ್ಯೆಗಳ ಮರೆಯ ಸಮಸ್ಯೆಯು ನ್ಯಾಯಾಲಯದವರೆಗೂ ಹೋಗಿದೆ. 2021ರ ಡಿಸೆಂಬರ್ 9ರಂದು ದೆಹಲಿಯ ಉಚ್ಚ ನ್ಯಾಯಾಲಯವು ಆಹಾರದ ಎಲ್ಲ ಘಟಕಗಳನ್ನೂ ಬರಿಯ ಸಂಕೇತಸಂಖ್ಯೆಯಿಂದಲ್ಲದೆ ಅವು ಸಸ್ಯಮೂಲದವೋ, ಪ್ರಾಣಿಮೂಲದವೋ, ಪ್ರಯೋಗಶಾಲೆಯಲ್ಲಿ ತಯಾರಾದವೋ ಎಂಬುದನ್ನೂ ತಿಳಿಸಬೇಕೆಂದು, ಪ್ರಮಾಣವು ಎಷ್ಟೇ ಅಲ್ಪವಾಗಿದ್ದರೂ ಇದು ಅನ್ವಯಿಸುವುದೆಂದು ಆದೇಶಿಸಿತು. 631ರ ವಿಷಯವು ಆ ಆದೇಶದಲ್ಲಿಯೇ ಉದಾಹರಣೆಯಾಗಿ ಬಂದಿದೆ. ತಾನು ಏನನ್ನು ತಿನ್ನುತ್ತಿದ್ದೇನೆಂದು ತಿಳಿಯುವುದು ಮನುಷ್ಯನ ಹಕ್ಕು ಎಂಬುದೇ ಅದರ ತಾತ್ಪರ್ಯ. ಲೌಕಿಕ ನ್ಯಾಯವು ತಿಳಿಯುವ ಹಕ್ಕಿನ ಮಾತನ್ನಾಡುವಾಗ ವ್ರತಿಯಾದವನು ತಿಳಿಯುವ ಕರ್ತವ್ಯವನ್ನು ಮರೆಯಬಹುದೇ?

ಈಗ ಮುಖ್ಯ ಪ್ರಶ್ನೆಗೆ ಬರೋಣ. ಆಸ್ರವದಲ್ಲಿ ವಿಶೇಷವು ತೀವ್ರಭಾವ, ಮಂದಭಾವ, ಜ್ಞಾತಭಾವ, ಅಜ್ಞಾತಭಾವ ಮೊದಲಾದುವುಗಳಿಂದ ಆಗುವುದೆಂದು ಉಮಾಸ್ವಾಮಿ ಆಚಾರ್ಯರು ಹೇಳಿದ್ದಾರೆ. ತಿಳಿದು ಮಾಡಿದುದಕ್ಕೂ ತಿಳಿಯದೆ ಆದುದಕ್ಕೂ ಬಂಧದಲ್ಲಿ ತಾರತಮ್ಯವಿದೆ. ಇದು ಸಮಾಧಾನಕರವಾದ ಮಾತು. ಆದರೆ ಅಜ್ಞಾತಭಾವದ ಅರ್ಥವನ್ನು ವಿವರಿಸುವ ಟೀಕಾಕಾರರು ಅದನ್ನು ಪ್ರಮಾದದೊಡನೆ ಜೋಡಿಸಿದ್ದಾರೆಂಬುದನ್ನು ಮರೆಯಬಾರದು. ಕುಂದಕುಂದಾಚಾರ್ಯರ ಪ್ರವಚನಸಾರದ ಅಭಿಪ್ರಾಯವು ಪ್ರಸಿದ್ಧವಾಗಿದೆ: ಜೀವವು ಸಾಯಲಿ ಬದುಕಲಿ, ಎಚ್ಚರಗೇಡಿಯಾದವನಿಗೆ ಹಿಂಸೆಯು ನಿಶ್ಚಿತ, ಎಚ್ಚರದಿಂದ ಸಮಿತಿಯನ್ನು ಪಾಲಿಸುವವನಿಗೆ ಬಾಹ್ಯಹಿಂಸೆಯ ಮಾತ್ರದಿಂದ ಬಂಧವಿಲ್ಲ. ನೆಲವನ್ನು ನೋಡಿ ಕಾಲಿಡುವ ಸಾಧಕನ ಕಾಲಡಿಗೆ ಇರುವೆಯೊಂದು ಹಠಾತ್ತನೆ ಬಂದರೆ ಅದು ಒಂದು. ಆಕಾಶವನ್ನು ನೋಡುತ್ತ ನಡೆದವನ ಕಾಲಿಗೆ ಯಾವ ಇರುವೆಯೂ ಸಿಕ್ಕದೆ ಹೋದರೂ ಅವನ ನಡಿಗೆಯು ಹಿಂಸೆಯ ನಡಿಗೆಯೇ.

ಇದನ್ನು ಪೊಟ್ಟಣಕ್ಕೆ ಅನ್ವಯಿಸೋಣ. 1983ರಲ್ಲಿ ಆಮದಾದ ದನದ ಕೊಬ್ಬನ್ನು ವನಸ್ಪತಿಯಲ್ಲಿ ಬೆರೆಸಿದ ವಿಷಯವು ಬಯಲಾಗಿ ದೇಶದಾದ್ಯಂತ ಕ್ಷೋಭೆಯುಂಟಾಯಿತು. ಕೊಬ್ಬಿನ ಆಮದನ್ನು ನಿಷೇಧಿಸಲಾಯಿತು. ಅದಕ್ಕೆ ಮೊದಲು ವನಸ್ಪತಿಯನ್ನು ಎಣ್ಣೆಯೆಂದೇ ನಂಬಿ ಬಳಸಿದ ಸಸ್ಯಾಹಾರಿಗಳು ವಂಚಿತರೇ ಹೊರತು ವ್ರತಭಂಗಮಾಡಿದವರಲ್ಲ. ಅವರಿಗೆ ತಿಳಿಯುವ ಉಪಾಯವಿರಲಿಲ್ಲ. ಅವರಲ್ಲಿ ಪ್ರಮಾದವಿರಲಿಲ್ಲ. ಆದರೆ ಇಂದು ಹೆಸರು ಪೊಟ್ಟಣದ ಮೇಲೆ ಅಚ್ಚಾಗಿರುವಾಗ, ಓದಿದರೆ ತಿಂಡಿಯನ್ನು ಬಿಡಬೇಕಾದೀತೆಂಬ ಭಯದಿಂದ ಪೊಟ್ಟಣವನ್ನು ತಿರುಗಿಸದೆ ಇಡುವವನ ಅಜ್ಞಾನವು ಆ ಜಾತಿಯದಲ್ಲ. ಅದು ತಾನೇ ಸಾಕಿಕೊಂಡ ಅಜ್ಞಾನ. ರುಚಿಯ ಮೇಲಿನ ರಾಗವು ಅದಕ್ಕೆ ಕಾವಲಿರುತ್ತದೆ. ರಾಗವಿದ್ದಲ್ಲಿ ಪ್ರಮಾದವಿದೆ, ಪ್ರಮಾದವಿದ್ದಲ್ಲಿ ಹಿಂಸೆಯ ಬಾಗಿಲು ತೆರೆದಿದೆ. ತಿಳಿಯಲಾರದ್ದಕ್ಕೆ ಶ್ರಾವಕನು ಹೊಣೆಯಲ್ಲ, ತಿಳಿಯಲೊಲ್ಲದ್ದಕ್ಕೆ ಹೊಣೆ.

ಎಲ್ಲ ದೋಷಗಳೂ ಒಂದೇ ತೂಕದವಲ್ಲವೆಂಬುದನ್ನೂ ತಿಳಿಯಬೇಕು. ಸಿಟ್ರಿಕ್ ಆಮ್ಲವನ್ನು ತೆಗೆದುಕೊಳ್ಳೋಣ. 1784ರಲ್ಲಿ ಷೀಲೆ ಎಂಬ ವಿಜ್ಞಾನಿಯು ಇದನ್ನು ನಿಂಬೆಯ ರಸದಿಂದಲೇ ಬೇರ್ಪಡಿಸಿದನು. ಆದರೆ 1919ರಿಂದ ಅಮೆರಿಕದಲ್ಲಿ ಸಕ್ಕರೆಯ ದ್ರಾವಣದಲ್ಲಿ ಆಸ್ಪರ್ಜಿಲಸ್ ನೈಜರ್ ಎಂಬ ಕಪ್ಪು ಬೂಷ್ಟನ್ನು ಬೆಳೆಸಿ ಇದನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿದರು. ಇಂದು ಪಾನಕದ ಬಾಟಲಿ, ಜಾಮು, ಮಿಠಾಯಿಗಳಲ್ಲಿರುವ 330 ಎಂಬ ಹುಳಿಯು ಬಹುತೇಕ ಹೀಗೆ ಬಂದದ್ದು. ನಿಂಬೆಯ ಚಿತ್ರವಿರುವ ಬಾಟಲಿಯೊಳಗೆ ನಿಂಬೆಯೇ ಇಲ್ಲದಿರಬಹುದು. ಬೂಷ್ಟು ಪಾಚಿಗಳನ್ನು ನಾವು ಅನಂತಕಾಯಿಕಗಳೆಂದು ಎಣಿಸಿ, ಬೂಷ್ಟು ಹಿಡಿದ ಆಹಾರವನ್ನು ತ್ಯಜಿಸುತ್ತೇವೆ. ಹಾಗೆಂದು ಇದನ್ನು ಪಂಚೇಂದ್ರಿಯ ಪ್ರಾಣಿಯ ಚರ್ಮ ಎಲುಬುಗಳಿಂದ ಮಾಡುವ ಜೆಲಟಿನ್‌ಗೆ ಸಮವೆಂದು ಹೇಳುವುದು ವಿವೇಕವಾಗದು. ಸಮಂತಭದ್ರಾಚಾರ್ಯರು ತ್ಯಾಜ್ಯ ವಸ್ತುಗಳಲ್ಲಿ ತ್ರಸಘಾತದ ಮಧುಮಾಂಸಗಳನ್ನೂ, ಪ್ರಮಾದವನ್ನುಂಟುಮಾಡುವ ಮದ್ಯವನ್ನೂ, ಫಲವು ಅಲ್ಪವಾಗಿ ಘಾತವು ಬಹುವಾಗುವ ಕಂದಮೂಲಾದಿಗಳನ್ನೂ ಬೇರೆಬೇರೆಯಾಗಿ ಹೇಳಿರುವುದು ಈ ತಾರತಮ್ಯವನ್ನು ತಿಳಿಸಲೆಂದೇ. ಜೆಲಟಿನ್ ಮತ್ತು ಕಾರ್ಮೈನ್‌ಗಳು ಮೊದಲನೆಯ ವರ್ಗದವು. ಅವುಗಳ ವಿಷಯದಲ್ಲಿ ಸಂಧಾನವಿಲ್ಲ. ಬೂಷ್ಟಿನ ಹುಳಿಯನ್ನು ಅಲ್ಪಫಲ ಬಹುವಿಘಾತದ ದೃಷ್ಟಿಯಿಂದ ವಿಚಾರಿಸಬಹುದು. ನಾಲಗೆಯ ತುದಿಯ ಒಂದು ಕ್ಷಣದ ಹುಳಿಗಾಗಿ ಅದು ಬೇಕೇ? ಮನೆಯಲ್ಲಿ ನಿಂಬೆಯಿದೆ, ನೆಲ್ಲಿಯಿದೆ, ಹುಣಿಸೆಯಿದೆ. ಪ್ರತಿಮಾಧಾರಿಗಳು ಅದನ್ನು ಬಿಡುವುದು ಯುಕ್ತ. ಉಳಿದವರು ತಮ್ಮ ಶಕ್ತಿಗನುಸಾರವಾಗಿ ನಿಯಮ ಮಾಡಿಕೊಳ್ಳಲಿ.

ಮರ್ಯಾದೆಯ ವಿಷಯದಲ್ಲಿಯೂ ಒಂದು ಮಾತು. ಸೋಡಿಯಂ ಬೆಂಜೊಯೇಟ್ ಎಂಬ 211 ಬೆರೆತ ಉಪ್ಪಿನಕಾಯಿ ಅಥವಾ ಹಣ್ಣಿನ ರಸವು ತಿಂಗಳುಗಟ್ಟಲೆ ಕೆಡದೆ ಇರುತ್ತದೆ. ಕೆಡದಿರುವಾಗ ಮರ್ಯಾದೆಯು ಏಕೆ ಮುಗಿಯಬೇಕೆಂದು ಕೆಲವರು ಕೇಳುತ್ತಾರೆ. ಹಿಟ್ಟಿಗೆ ಮಳೆಗಾಲದಲ್ಲಿ 3, ಬೇಸಿಗೆಯಲ್ಲಿ 5, ಚಳಿಗಾಲದಲ್ಲಿ 7 ದಿನಗಳೆಂದು ಹಿರಿಯರು ಮರ್ಯಾದೆಯನ್ನು ಗೊತ್ತುಮಾಡಿದುದು ಜೀವೋತ್ಪತ್ತಿಯನ್ನು ನೋಡಿ ಎಂಬುದು ನಿಜ. ಆದರೆ ಮರ್ಯಾದೆಯು ಇನ್ನೊಂದು ಪಾಠವನ್ನೂ ಕಲಿಸುತ್ತದೆ: ಬೇಕಾದಷ್ಟನ್ನು ಬೇಕಾದಾಗ ಸಿದ್ಧಪಡಿಸು, ಸಂಗ್ರಹಿಸಬೇಡ. ಜೀವಗಳು ಹುಟ್ಟುವ ಸಂದರ್ಭವನ್ನು ತಪ್ಪಿಸುವುದು ಸಂಯಮ. ಅವು ಹುಟ್ಟಿಯೇ ತೀರುವಷ್ಟು ಕಾಲ ಇಟ್ಟು, ಹುಟ್ಟಗೊಡದ ಮದ್ದನ್ನು ಬೆರೆಸುವುದು ವಾಣಿಜ್ಯ. ಇವೆರಡನ್ನೂ ಒಂದೆನ್ನಲಾಗದು.

ಇಷ್ಟರವರೆಗೆ ಪದಾರ್ಥವು ಎಲ್ಲಿಂದ ಬಂದಿತೆಂಬುದನ್ನು ನೋಡಿದೆವು. ಅದು ಎಲ್ಲಿಗೆ ಹೋಗುವುದೆಂಬುದನ್ನೂ ನೋಡಬೇಕು. ಸೊಳ್ಳೆಬತ್ತಿ ಮತ್ತು ಕೀಟನಾಶಕಗಳಲ್ಲಿರುವ ಪೈರೆಥ್ರಾಯ್ಡ್ ಎಂಬ ರಸಾಯನಗಳನ್ನು ಸೇವಂತಿಗೆಯ ಜಾತಿಯ ಒಂದು ಹೂವಿನ ಸಾರದ ಮಾದರಿಯ ಮೇಲೆ ರೂಪಿಸಿದ್ದಾರೆ. ಆ ಹೂವಿನ ಸಾರವು ಶುದ್ಧ ಸಸ್ಯಮೂಲದ್ದು. ಆದರೂ ಅದರ ಕೆಲಸ ತ್ರಸಜೀವಿಗಳ ನಾಶ. ಮೂಲ ಶುದ್ಧಿಯಿದ್ದ ಮಾತ್ರಕ್ಕೆ ಪ್ರಯೋಜನ ಶುದ್ಧಿಯಾಗುವುದಿಲ್ಲ. ಹಿಂಸೆಯ ಉಪಕರಣಗಳನ್ನು ಕೊಡುವುದು ಹಿಂಸಾದಾನವೆಂಬ ಅನರ್ಥದಂಡವಾದರೆ, ಅವುಗಳನ್ನು ಕಪಾಟಿನಲ್ಲಿ ಸಾಲಾಗಿ ಇಟ್ಟುಕೊಳ್ಳುವುದು ಎಷ್ಟು ಉಚಿತವೆಂದು ವ್ರತಿಯು ವಿಚಾರಿಸಬೇಕು. ನಿಂತ ನೀರನ್ನು ಚೆಲ್ಲಿ, ಕಿಟಕಿಗೆ ಜಾಲರಿ ಹಾಕಿ, ಸೊಳ್ಳೆಪರದೆ ಕಟ್ಟಿ, ಸೂರ್ಯಾಸ್ತಕ್ಕೆ ಮುನ್ನ ಅಡುಗೆಮನೆಯನ್ನು ಶುಚಿಗೊಳಿಸಿದರೆ ಈ ವಿಷಗಳ ಬಹುಪಾಲು ಅಗತ್ಯವೇ ಬೀಳದು. ರಾತ್ರಿಭೋಜನತ್ಯಾಗವಿರುವ ಮನೆಯಲ್ಲಿ ಇದು ಕಷ್ಟವಾಗಬಾರದು.

'ಹೀಗೆ ಪ್ರತಿಯೊಂದನ್ನೂ ಶೋಧಿಸುತ್ತ ಹೋದರೆ ಬದುಕುವುದು ಹೇಗೆ?' ಎಂಬುದು ಮೂರನೆಯ ಶಂಕೆ. ಶೋಧನೆಗೆ ಕೊನೆಯಿಲ್ಲವೆಂಬುದು ನಿಜ. ಅದಕ್ಕಾಗಿಯೇ ಆಚಾರ್ಯರು ಭೋಗೋಪಭೋಗ ಪರಿಮಾಣವ್ರತವನ್ನು ಹೇಳಿದರು. ನೂರು ಪೊಟ್ಟಣಗಳ ಮೂಲವನ್ನು ಹುಡುಕುವುದಕ್ಕಿಂತ ನೂರನ್ನು ಹತ್ತಕ್ಕೆ ಇಳಿಸುವುದು ಸುಲಭ. ಸಂದೇಹವಿರುವುದನ್ನು ಬಿಟ್ಟರೆ ಹಾನಿಯೇನೂ ಇಲ್ಲ. ಅವುಗಳಲ್ಲಿ ಹೆಚ್ಚಿನವು ಇಲ್ಲದೆಯೇ ನಮ್ಮ ಹಿರಿಯರು ಚೆನ್ನಾಗಿ ಬಾಳಿದರು. ಔಷಧಿಯ ವಿಷಯ ಮಾತ್ರ ಬೇರೆ. ಕ್ಯಾಪ್ಸೂಲಿನ ಕವಚವು ಸಾಮಾನ್ಯವಾಗಿ ಜೆಲಟಿನ್ನಿನದು. ರೋಗಿಯಾದ ಹಿರಿಯರು ಈ ಕಾರಣಕ್ಕಾಗಿ ತಮ್ಮಷ್ಟಕ್ಕೆ ತಾವೇ ಔಷಧಿಯನ್ನು ನಿಲ್ಲಿಸಕೂಡದು. ಮನೆಯವರೂ ಅವರನ್ನು ನಿಂದಿಸಕೂಡದು. ವೈದ್ಯರನ್ನು ವಿನಯದಿಂದ ಕೇಳಿದರೆ ಮಾತ್ರೆಯ ಅಥವಾ ದ್ರವದ ರೂಪದಲ್ಲಿ, ಇಲ್ಲವೇ ಸಸ್ಯಮೂಲದ ಸೆಲ್ಯುಲೋಸ್ ಕವಚದಲ್ಲಿ ಅದೇ ಔಷಧಿ ದೊರೆಯಬಹುದು. ದೊರೆಯದಿದ್ದರೆ ಗುರುಗಳ ಸನ್ನಿಧಿಯಲ್ಲಿ ನಿವೇದಿಸಿ ಪ್ರಾಯಶ್ಚಿತ್ತದ ಮಾರ್ಗವನ್ನು ಕೇಳುವುದು ಉಚಿತ. ಧರ್ಮದಲ್ಲಿ ಸ್ಥಿತಿಕರಣವೂ ಒಂದು ಅಂಗವಲ್ಲವೇ?

ಇಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಪೊಟ್ಟಣವನ್ನು ಓದುವ ವಿದ್ಯೆಯು ಪರರ ಅಡುಗೆಮನೆಯ ತಪ್ಪನ್ನು ಹುಡುಕುವ ವಿದ್ಯೆಯಾಗಬಾರದು. ಸೊಸೆಯು ತಂದ ಬಿಸ್ಕತ್ತಿನ ಅಂಕಿಯನ್ನು ಹಿಡಿದು ಅತ್ತೆಯು ಮಾನಕಷಾಯವನ್ನು ಬೆಳೆಸಿಕೊಂಡರೆ ಬಿಟ್ಟ ಬಿಸ್ಕತ್ತಿಗಿಂತ ಕಟ್ಟಿಕೊಂಡ ಕರ್ಮವೇ ಭಾರವಾದೀತು. ಈ ಹೆಸರುಗಳನ್ನು ಓದಲು ಬಲ್ಲವರು ಎಷ್ಟೋ ಮನೆಗಳಲ್ಲಿ ಕಿರಿಯರೇ ಆಗಿದ್ದಾರೆ. ಶಾಲೆಯಲ್ಲಿ ರಸಾಯನಶಾಸ್ತ್ರವನ್ನು ಕಲಿತ ಮಗ ಮಗಳು ಅಂಕಿಯ ಅರ್ಥವನ್ನು ಹೇಳಲಿ. ಅಜ್ಜಿಯು ಆ ಅರ್ಥವನ್ನು ವ್ರತದ ತಕ್ಕಡಿಯಲ್ಲಿ ತೂಗಲಿ.

ಕೊನೆಗೆ ನಮ್ಮ ಸಮಾಜದ ಅತ್ಯಂತ ಪವಿತ್ರವಾದ ಒಂದು ಕ್ಷಣವನ್ನು ನೆನಪಿಗೆ ತಂದುಕೊಳ್ಳೋಣ. ಮುನಿಗಳನ್ನು ಪಡಗಾಹಿಸಿ, ಉಚ್ಚಾಸನದಲ್ಲಿ ಕುಳ್ಳಿರಿಸಿ, ಪಾದಪ್ರಕ್ಷಾಲನ ಪೂಜೆಗಳನ್ನು ಮುಗಿಸಿದ ಮೇಲೆ ದಾತೃವು ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿಗಳೊಡನೆ ಆಹಾರ ಜಲಗಳೂ ಶುದ್ಧವೆಂದು ತನ್ನ ಬಾಯಿಂದ ಹೇಳುತ್ತಾನೆ. ಆ ಮಾತಿನ ಮೇಲೆ ವಿಶ್ವಾಸವಿಟ್ಟು ಮುನಿಗಳು ಅಂಜಲಿಯನ್ನು ಮುಂದೊಡ್ಡುತ್ತಾರೆ. ಆ ಚೌಕದಲ್ಲಿ ಪೊಟ್ಟಣದ ಪದಾರ್ಥಕ್ಕೆ ಎಡೆಯಿಲ್ಲ. ಹಿಟ್ಟನ್ನು ಯಾರು ಬೀಸಿದರು, ನೀರನ್ನು ಎಲ್ಲಿಂದ ತಂದರು, ಯಾವಾಗ ಸೋಸಿದರು ಎಂದು ಅಲ್ಲಿ ಪ್ರತಿಯೊಂದನ್ನೂ ಕೇಳುತ್ತೇವೆ. ಕೇಳುವ ಆ ಅಭ್ಯಾಸವು ನಮಗೆ ಹೊಸದಲ್ಲ. ಆದರೆ ಮುನಿಗಳು ವಿಹಾರ ಮಾಡಿದ ಮರುದಿನ ಅದೇ ಮನೆಯಲ್ಲಿ ಯಾವುದನ್ನೂ ಕೇಳದೆ ಯಾವುದನ್ನಾದರೂ ತಿನ್ನುವುದಾದರೆ, ಒಂದು ಮನೆಯೊಳಗೆ ಎರಡು ಅಡುಗೆಮನೆಗಳು, ಒಂದು ಬಾಯಲ್ಲಿ ಎರಡು ಸತ್ಯಗಳು ಆಗುವುವಲ್ಲವೇ? ಮುನಿಗಳ ಮುಂದೆ ಹೇಳಿದ ಮಾತನ್ನು ನಮ್ಮ ತಟ್ಟೆಯ ಮುಂದೆಯೂ ಸ್ವಲ್ಪಮಟ್ಟಿಗಾದರೂ ಹೇಳಬಲ್ಲವರಾಗಬೇಕು.

ಆಗಮದಲ್ಲಿ ಜೀವನಪರ್ಯಂತದ ತ್ಯಾಗಕ್ಕೆ ಯಮವೆಂದೂ ಕಾಲಾವಧಿಯುಳ್ಳ ತ್ಯಾಗಕ್ಕೆ ನಿಯಮವೆಂದೂ ಹೆಸರು. ಎಲ್ಲರೂ ಒಮ್ಮೆಲೆ ಯಮವನ್ನು ಕೈಕೊಳ್ಳಬೇಕೆಂದಿಲ್ಲ. ಬರುವ ದಶಲಕ್ಷಣ ಪರ್ವದ ಹತ್ತು ದಿನಗಳಿಗೆ ಈ ಸಣ್ಣ ನಿಯಮಗಳನ್ನು ಶ್ರಾವಕ ಶ್ರಾವಿಕೆಯರು ಸ್ವೀಕರಿಸಬಹುದು: ಹೆಸರು ಓದದ ಪೊಟ್ಟಣವನ್ನು ಒಡೆಯುವುದಿಲ್ಲ, ಮೂಲವು ಸಂದೇಹಾಸ್ಪದವಾದುದನ್ನು ಪಾರಣೆಯ ದಿನದಲ್ಲಿಯೂ ಸೇವಿಸುವುದಿಲ್ಲ, ಮನೆಯಲ್ಲಿ ಮಾಡಿಕೊಳ್ಳಬಹುದಾದ ಒಂದು ತಿಂಡಿಯನ್ನಾದರೂ ಅಂಗಡಿಯಿಂದ ತರುವುದನ್ನು ನಿಲ್ಲಿಸುತ್ತೇವೆ, ಸಾಬೂನು ಕೊಳ್ಳುವಾಗ ಅದು ಯಾವ ಎಣ್ಣೆಯದೆಂದು ನೋಡುತ್ತೇವೆ. ಹತ್ತು ದಿನಗಳ ನಂತರ ಪ್ರತಿಯೊಬ್ಬರೂ ತಮ್ಮ ಮನಸ್ಸನ್ನು ತಾವೇ ಪರೀಕ್ಷಿಸಿಕೊಳ್ಳಲಿ. ಬಿಟ್ಟ ವಸ್ತುಗಳಲ್ಲಿ ನಿಜವಾಗಿ ಬೇಕಾಗಿದ್ದುವು ಎಷ್ಟು, ಬರಿಯ ಅಭ್ಯಾಸದಿಂದ ಬಂದುವು ಎಷ್ಟು ಎಂಬುದು ಆಗ ತಾನಾಗಿಯೇ ತಿಳಿಯುವುದು. ಹತ್ತು ದಿನಗಳ ನಿಯಮದಲ್ಲಿ ಯಾವುದು ಯಮವಾಗಲು ಯೋಗ್ಯವೆಂಬುದೂ ತಿಳಿಯುವುದು.